ಮೂಕ ಬಟ್ಲರ್

ಲಂಡನ್ನಿನ ನಾಟಕಶಾಲೆಗಳಲ್ಲಿ ಆ ನಟ ಬಾಯಿ ಬಿಟ್ಟರೆ ಕೊನೆಯ ಸಾಲಿನಲ್ಲಿ ತೂಕಡಿಸುವವರೂ ಬೆಚ್ಚಿ ಏಳುತ್ತಿದ್ದರು. ರೇಡಿಯೋದವರು ಮಾತ್ರ ವಾರದ ಧಾರಾವಾಹಿಯಲ್ಲಿ ಅವನಿಗೆ ಮೂಕ ಬಟ್ಲರನ ಪಾತ್ರ ಕೊಟ್ಟರು.

"ರೇಡಿಯೋದಲ್ಲಿ ಮೂಕನೇ? ನಾನು ಬರದಿದ್ದರೂ ನಡೆಯುತ್ತಲ್ಲ ಸಾರ್!"

"ಅದು ಹೇಗ್ರೀ ನಡೆಯುತ್ತೆ?" ಎಂದರು ನಿರ್ದೇಶಕರು. "ಯಾರೂ ಇಲ್ಲದೆ ಇರೋದು ಬೇರೆ, ನೀವು ಇದ್ದೂ ಸುಮ್ಮನಿರೋದು ಬೇರೆ."

ಅವನು ಒಪ್ಪಿಕೊಂಡ. ವಾರವಾರವೂ ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದು, ಮೈಕಿನ ಮುಂದೆ ನಿಂತು, ತನ್ನ ಸರದಿ ಬಂದಾಗ ಮನಸ್ಸಿಟ್ಟು ಸುಮ್ಮನಿರುತ್ತಿದ್ದ. ಮನೆಯಲ್ಲಿ ಹೆಂಡತಿಯ ಎದುರು ಅದನ್ನೇ ಅಭ್ಯಾಸ ಮಾಡುತ್ತಿದ್ದ. ಇಪ್ಪತ್ತು ವರ್ಷ ಹೀಗೇ ಕಳೆದು, ಒಂದು ದಿನ ತೀರಿಕೊಂಡ.

ಆ ವಾರ ಧಾರಾವಾಹಿಗೆ ಮುಂಚೆ ಒಂದು ನಿಮಿಷದ ಮೌನ ಶ್ರದ್ಧಾಂಜಲಿ ಎಂದು ತೀರ್ಮಾನವಾಯಿತು.

"ಯಾರದೋ ಮೌನ ಬೇಡ, ಅವರದೇ ಹಳೆ ಟೇಪು ಹಾಕು," ಎಂದು ನಿರ್ದೇಶಕರು ತಂತ್ರಜ್ಞನಿಗೆ ಹೇಳಿದರು.

ನಿಮಿಷ ಮುಗಿಯುತ್ತಲೇ ಫೋನು ಬಡಿದುಕೊಂಡಿತು. ಆ ಕಡೆ ನಟನ ಹೆಂಡತಿ.

"ಈಗ ರೇಡಿಯೋದಲ್ಲಿ ಸುಮ್ಮನಿದ್ದದ್ದು ಯಾರ್ರೀ?"

"ನಿಮ್ಮ ಯಜಮಾನರೇ ಅಮ್ಮಾ."

"ನನಗೇ ಹೇಳ್ತೀರಾ? ಇಪ್ಪತ್ತು ವರ್ಷ ಊಟದ ಮೇಜಿನಲ್ಲಿ ಎದುರಿಗೆ ಕೂತು ಕೇಳಿದೀನಿ. ಅದು ಅವರ ಮೌನ ಅಲ್ಲ!"

ನಿರ್ದೇಶಕರು ಫೋನು ಹಿಡಿದುಕೊಂಡೇ ತಂತ್ರಜ್ಞನ ಕಡೆ ತಿರುಗಿದರು. ಅವನ ಮುಖ ಬಿಳಿಚಿಕೊಂಡಿತ್ತು.

"ಟೇಪು ಸಿಗಲಿಲ್ಲ ಸಾರ್. ಮೈಕಿನ ಮುಂದೆ ನಾನೇ ಸುಮ್ಮನೆ ನಿಂತೆ."