ಕೆಂಪಣ್ಣನ ಮನೆ ಹೊಕ್ಕ ಗೂಬೆ

ರಾಗಿ ಮೂಟೆಯ ಮೇಲೆ ಗೂಬೆ ಕೂತಿತ್ತು.

ಚಿಕ್ಕಬೋರಮ್ಮ ಕೈಲಿದ್ದ ಮೊರ ಕೆಳಗಿಟ್ಟಳು. ಹೆದರಿ ಕೂಗಿಕೊಳ್ಳಬೇಕಿತ್ತು, ಕೂಗಿಕೊಂಡಳು. ಅಟ್ಟದ ಕಿಂಡಿಯನ್ನು ದಿನಾ ದೀಪ ಹಚ್ಚುವ ಹೊತ್ತಿಗೆ ತೆರೆದಿಡುತ್ತಿದ್ದವಳು ಅವಳೇ. ಬೆಳಗ್ಗೆ ನೋಡಿದರೆ ಗಾಳಿಗೋ ಏನೋ ಮುಚ್ಚಿಕೊಂಡಿರುತ್ತಿತ್ತು. ಸಾಕಾಗಿ ಕೈಬಿಡುವುದರಲ್ಲಿದ್ದಳು. ಅಂತೂ ಬಂತು.

ಸಂತೆಬಾಚಹಳ್ಳಿ ಕಡೆಯ ಆ ಊರಿನ ಬೆನ್ನಿಗೇ ಗುಡ್ಡ. ತೊಂಬತ್ತೈದರಲ್ಲಿ ಅಲ್ಲಿ ಕಲ್ಲುಗಣಿ ಶುರುವಾದದ್ದೇ ತಡ, ಗುಡ್ಡದ ಹಕ್ಕಿಗಳೆಲ್ಲ ಬೀದಿಪಾಲಾದವು. ಗೌಜಲಕ್ಕಿ ಚರಂಡಿಯಲ್ಲಿ ಓಡಾಡಿತು. ನವಿಲು ಡೈರಿ ಮುಂದೆ ಹಾಲಿನ ಕ್ಯಾನುಗಳ ನಡುವೆ ದಿಕ್ಕೆಟ್ಟು ನಿಂತಿತು. ಬಂಡೆ ಸಂದಿಯ ಗೂಬೆಗಳು ಹಟ್ಟಹಗಲೇ ಲೈಟು ಕಂಬದ ಮೇಲೆ ತೂಕಡಿಸಿದವು. ಒಂದೊಂದು ಸುಸ್ತಾಗಿ ಜಗಲಿಯ ಮೇಲೇ ಬಿದ್ದಿರುತ್ತಿತ್ತು.

ಮನುಷ್ಯರ ಪಾಡೂ ಅಷ್ಟೇ. ಮದ್ದು ಸಿಡಿದಾಗಲೆಲ್ಲ ಗೋಡೆಯ ಮಣ್ಣು ಉದುರುತ್ತಿತ್ತು. ಗುಡಿಸಿ ಗುಡಿಸಿ ಚಿಕ್ಕಬೋರಮ್ಮನ ಸೊಂಟ ಬಿದ್ದುಹೋಗಿತ್ತು. ಹಿಂಗೋಡೆಯ ಬಿರುಕಿನಲ್ಲಿ ಈಗ ಅಂಗೈ ತೂರುತ್ತಿತ್ತು. ಮಗಳು ಅನುವಿನ ತೊಟ್ಟಿಲು ಕಟ್ಟಿದ ತೊಲೆ ನಿಂತಿದ್ದದ್ದು ಅದೇ ಗೋಡೆಯ ಮೇಲೆ.

ಗದ್ದೆಯ ಕೊಟ್ಟಿಗೆಗೆ ಹೋಗಿ ಇರೋಣವೆಂದರೆ ಮಾವ ಕೆಂಪಣ್ಣ ಒಪ್ಪಬೇಕಲ್ಲ! ಜಾಗ ಬಿಟ್ಟುಕೊಡಿ ಎಂದು ಗಣಿಯವನು ಬಂದಾಗ ಅರಳಿಕಟ್ಟೆಯಲ್ಲಿ ಊರಿನವರೆದುರೇ ನೆಲ ಮುಟ್ಟಿ ಆಡಿಬಿಟ್ಟಿದ್ದ: "ನಿನ್ ಮದ್ದಿಗೆ ಎದರ್ಕಂಡು ನಾನು ಒಸ್ಲು ದಾಟಕಿಲ್ಲ ಕಣ್ಲಾ. ದಾಟುದ್ರೆ ಎಣವಾಗೇ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಗಂಡ ನಾಗರಾಜು ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಎಷ್ಟೇ ಬಾಯಿ ಮಾಡಲಿ, ಅಪ್ಪನ ಮುಂದೆ ಮೂಗ.

ಆದರೆ ಗೂಬೆ ಹೊಕ್ಕ ಮನೆಗೆ ಮೂರು ತಿಂಗಳು ಬೀಗ ಹಾಕಬೇಕು. ಅದು ಹಿರಿಯರು ಮಾಡಿದ ಶಾಸ್ತ್ರ. ಅದಕ್ಕೆ ತಲೆಬಾಗಿದವನನ್ನು ಯಾರೂ ಹೇಡಿ ಅನ್ನುವುದಿಲ್ಲ.

ಕೂಗಿಗೆ ಕೆಂಪಣ್ಣ ಬಂದ. ಹಿಂದಿನ ದಿನ ಹುಲ್ಲು ಕೊಯ್ಯುವಾಗ ಕುಡುಗೋಲು ತಾಕಿತೆಂದು ಅಂಗೈಗೆ ಅರಿಸಿನದ ಬಟ್ಟೆ ಸುತ್ತಿಕೊಂಡಿದ್ದ. ಗೂಬೆಯನ್ನು ನೋಡಿದ. ಸೊಸೆಯನ್ನು ನೋಡಿದ. ಬಾಗಿಲಿಗೆ ಒರಗಿ ಕುಸಿದ.

"ಮಗೀನ ಎತ್ಕವ್ವ," ಅಂದ. "ಓಗವ."

ಬೀಗ ಹಾಕಿದ ಮುದುಕ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ. ದೇವರಂಥವನಿಗೆ ಮೋಸ ಮಾಡಿದೆನಲ್ಲ ಎಂದು ಚಿಕ್ಕಬೋರಮ್ಮ ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಪಕ್ಕದ ಮನೆಯ ಮುದ್ದಯ್ಯ ಕೊಟ್ಟಿಗೆಯ ಮುಂದೆ ಗಾಡಿಯಿಂದ ಪಾತ್ರೆ ಇಳಿಸುತ್ತ ನಿಟ್ಟುಸಿರು ಬಿಟ್ಟ. "ಗಣಿಯೋನ್ಗೆ ಬಗ್ಗದೋನು ಒಂದ್ ಗೂಬೆಗೆ ಬಗ್ಗಬೇಕಾಯ್ತು ನೋಡು. ಯಾರ್ ಏನ್ ಮಾಡಕಾಯ್ತದೆ?"

ವಾರ ತುಂಬುವ ಮೊದಲೇ, ಒಂದು ಮಧ್ಯಾಹ್ನದ ಸಿಡಿತಕ್ಕೆ ಹಿಂಗೋಡೆ ಮಲಗಿತು. ತೊಟ್ಟಿಲಿನ ತೊಲೆ ಮುರಿದು ಎರಡು ತುಂಡಾಯಿತು. ನೋಡಿಕೊಂಡು ಬಂದ ಚಿಕ್ಕಬೋರಮ್ಮ ಅನುವನ್ನು ಅವುಚಿಕೊಂಡು ಕೊಟ್ಟಿಗೆಯ ಮುಂದೆ ಕೂತಳು. ಇನ್ನು ಒಳಗಿಟ್ಟುಕೊಳ್ಳಲು ಅವಳಿಂದ ಆಗಲಿಲ್ಲ.

"ಮಾವಯ್ಯ, ತಪ್ಪಾಯ್ತು. ಗೂಬೆ ಒಳೀಕೆ ಬರ್ಲಿ ಅಂತ ಅಟ್ಟದ ಕಿಂಡಿ ತಗ್ದಿಕ್ತಿದ್ದೋಳು ನಾನೇ."

ಕೆಂಪಣ್ಣ ಅಂಗೈಯ ಬಟ್ಟೆ ಬದಲಾಯಿಸಲು ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಗೊತ್ತು ಕಣವ್ವ. ನೀನು ಮನೀಕಂಡ್ ಮ್ಯಾಲೆ ದಿನಾ ಮುಚ್ತಿದ್ದೋನು ನಾನು. ಮಗೀಗೆ ಸೀತ ಆಯ್ತದಲ್ಲ."

ಚಿಕ್ಕಬೋರಮ್ಮ ತಬ್ಬಿಬ್ಬಾದಳು. "ಅಂಗಾರೆ ಅದು ಎಂಗೆ ಒಳೀಕ್ ಬಂತು?"

ಮುದುಕ ಬಿಚ್ಚಿದ ಬಟ್ಟೆಯನ್ನು ಪಕ್ಕಕ್ಕಿಟ್ಟ. ಕುಡುಗೋಲು ತಾಕಿದರೆ ಒಂದೇ ಗೀರು ಬೀಳುತ್ತದೆ. ಅವನ ಅಂಗೈಯಲ್ಲಿ ಸಾಲಾಗಿ ಉಗುರು ನಾಟಿದ ತೂತುಗಳಿದ್ದವು.