ರಿಚರ್ಡ್ ಸಾಹೇಬರು

ಮೈಸೂರಿನ ಕಾಲ್ ಸೆಂಟರೊಂದರಲ್ಲಿ ಕೂತು, ಅಮೆರಿಕದ ಆಸ್ಪತ್ರೆಯ ಪರವಾಗಿ ಅಲ್ಲಿನ ವಿಮಾ ಕಂಪನಿಗೆ ಫೋನು ಮಾಡುವುದು ವಾಗ್ದೇವಿಯ ಕೆಲಸ. ಅಂದು ಫೋನೆತ್ತಿದವನು ರಿಚರ್ಡ್. ಮಾತೆಲ್ಲ ಇಂಗ್ಲಿಷಿನಲ್ಲಿ.

“ಆ ಅಜ್ಜಿಯ ಹೃದಯದ ಆಪರೇಷನ್ನಿಗೆ ಇವತ್ತೇ ಒಪ್ಪಿಗೆ ಕೊಡಿ ಸರ್. ತಡವಾದರೆ ಜೀವಕ್ಕೇ ಅಪಾಯ.”

“ನೀವು ಇಂಡಿಯಾದಿಂದ ಮಾತಾಡುತ್ತಿದ್ದೀರಲ್ಲವೇ?” ಅವನು ಮೂಗಿನಲ್ಲೇ ನಕ್ಕ. “ನಮ್ಮ ದೇಶದ ನಿಯಮ ನಿಮ್ಮಂಥವರಿಗೆ ಅರ್ಥವಾಗುವುದಿಲ್ಲ. ನಿಮ್ಮ ಇಂಗ್ಲಿಷು ನನಗೆ ಅರ್ಥವಾಗುವುದಿಲ್ಲ.”

ಬೈಗುಳ ವಾಗ್ದೇವಿಯ ನಾಲಿಗೆಯ ತುದಿಗೇ ಬಂದಿತ್ತು. ಅಜ್ಜಿಗಾಗಿ ಅದನ್ನು ನುಂಗಿಕೊಂಡು, “ಪ್ಲೀಸ್ ಸರ್” ಎಂದಳು.

ಅಷ್ಟರಲ್ಲಿ ಕಟ್ಟಡದ ಬೆಂಕಿ ಸೈರನ್ ಕೂಗಿತು. ಸುತ್ತಲಿನವರೆಲ್ಲ ಎದ್ದು ಬಾಗಿಲಿಗೆ ಓಡಿದರು. ಅದೇ ಕೂಗು ಅವಳ ಹೆಡ್‌ಫೋನಿನೊಳಗೂ ಕೇಳಿಸಿತು.

ಅದರ ಬೆನ್ನಲ್ಲೇ ಫೋನಿನಲ್ಲಿ ರಿಚರ್ಡ್ ಯಾರನ್ನೋ ಕೂಗಿ ಕೇಳಿದ: “ಲೇ ಸಿದ್ದರಾಜು, ಬೆಂಕಿ ಬಿದ್ದಿರೋದು ನಮ್ಮ ಫ್ಲೋರಲ್ಲೋ, ಮೇಲ್ಗಡೆನೋ?”