ಟವೆಲ್ ಹಾಕಿದ ಸೀಟು

ಬಸ್ಸಿನ ಕಿಟಕಿಯಲ್ಲಿ ಟವೆಲ್ ತೂರಿಸಿ ಸೀಟು ಹಿಡಿದು ಪಳಗಿದ್ದ ಗಂಗಣ್ಣ, ಮಗಳ ಕಾರ್ ರೇಸ್ ನೋಡಲೂ ತನ್ನ ಕೆಂಪು ಟವೆಲ್ ತಂದಿದ್ದ. ಹಾಸಿದ ಕಡೆಯಿಂದೆಲ್ಲ ಹೆಂಡತಿ ಎಬ್ಬಿಸಿದಳು.

“ಇಲ್ಲೇನ್ರೀ ಕಾಣುತ್ತೆ? ಸುಂಯ್ ಅಂತ ಹೋಗ್ಬಿಡ್ತಾಳೆ. ನಾನು ಅವಳ ಮುಖ ನೋಡ್ಬೇಕು.”

“ಹೆಲ್ಮೆಟ್ ಹಾಕ್ಕೊಂಡಿರ್ತಾಳೆ ಕಣೇ! ನಾವೇನು ಹೆಣ್ಣು ನೋಡೋಕೆ ಬಂದಿದೀವಾ?”

ಈ ಜಗಳದಲ್ಲೇ ಕೊನೆಯ ಸುತ್ತು ಬಂದುಬಿಟ್ಟಿತು. ಮಗಳೇ ಮುಂದಿದ್ದಾಳೆಂದು ಮೈಕು ಕೂಗುತ್ತಿತ್ತು; ಹೆತ್ತಪ್ಪ ಇನ್ನೂ ಜಾಗ ಹುಡುಕುತ್ತಿದ್ದ. ಅಂತೂ ತಿರುವಿನಲ್ಲಿ, ಬೇಲಿಗೆ ಅಂಟಿಕೊಂಡಂತೆ ಎರಡು ಸೀಟು ಸಿಕ್ಕವು. ಹೆಂಡತಿಯೋ ದೂರದಲ್ಲಿ ಇನ್ನೆಲ್ಲೋ ನೋಡುತ್ತ ನಿಂತಿದ್ದಳು. ಗಂಗಣ್ಣನಿಗೆ ರೇಗಿಹೋಯಿತು. ಬೆಂಚು ಹತ್ತಿ, ಟವೆಲನ್ನು ತಲೆಯ ಮೇಲೆತ್ತಿ ಬೀಸಿದ.

“ಏಯ್, ಇಲ್ಲಿ ಬಾರೇ!”

ಹೆಂಡತಿ ಓಡಿ ಬರುವಷ್ಟರಲ್ಲಿ, ರೇಸ್ ನಿಲ್ಲಿಸುವ ಕೆಂಪು ಬಾವುಟ ಅದೆಂದುಕೊಂಡ ಮಗಳು ಬೇಲಿಯ ಆಚೆ ಗಕ್ಕನೆ ಕಾರು ನಿಲ್ಲಿಸಿದ್ದಳು. ಹಿಂದಿದ್ದ ಕಾರುಗಳೆಲ್ಲ ಪಕ್ಕದಿಂದ ಸರ್ರನೆ ಸಾಗಿಹೋದವು. ಮಗಳು ಹೆಲ್ಮೆಟ್ ಕಿತ್ತು ಅಪ್ಪನನ್ನೇ ದುರುಗುಟ್ಟಿ ನೋಡಿದಳು.

ಹೆಂಡತಿ ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತಳು. “ಈ ಜಾಗ ಸರಿಯಾಗಿದೆ ನೋಡಿ. ಮುಖ ಚೆನ್ನಾಗಿ ಕಾಣ್ತಿದೆ.”